ತಕ್ಕಡಿಯ ಮೇಲೆ ನಿಂತವರು

ನಮ್ಮಕ್ಕನ ಮಗಳಿಗೆ ಮದುವೆ ನಿಶ್ಚಯವಾದದ್ದೇ ತಡ, ಅವಳ ತಟ್ಟೆಯಿಂದ ಅನ್ನ ಮಾಯವಾಯಿತು. ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ, ಮಧ್ಯಾಹ್ನ ಸೌತೆಕಾಯಿ ಹೋಳು, ಸಂಜೆ ಎರಡು ಗಂಟೆ ಜಿಮ್ಮು, ರಾತ್ರಿ ಒಂದು ಲೋಟ ನೀರುಮಜ್ಜಿಗೆ. "ಮೂರು ತಿಂಗಳಲ್ಲಿ 15 ಕೆ.ಜಿ. ಇಳಿಸ್ಬೇಕು ಚಿಕ್ಕಮ್ಮ" ಎಂದಳು. ಯಾರಿಗೋಸ್ಕರವೇ ಎಂದರೆ, "ಫೋಟೋಗೆ" ಎಂದಳು. ಗಂಡಿನ ಮನೆಯವರು ಒಂದು ಮಾತೂ ಆಡಿರಲಿಲ್ಲ, ಪಾಪ.

ಒಂದು ಭಾನುವಾರ ನಮ್ಮ ಮನೆಗೆ ಬಂದವಳು, ಹುರುಪು ಬರಲೆಂದು ಟೀವಿಯಲ್ಲಿ ಒಂದು ಸಾಕ್ಷ್ಯಚಿತ್ರ ಹಾಕಿದಳು. 2025ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ, ಮೂರು ಕಂತುಗಳ 'ಫಿಟ್ ಫಾರ್ ಟಿವಿ'. ನಾನೂ ಹುರುಳಿಕಾಯಿ ಸೋಸುತ್ತಾ ಪಕ್ಕದಲ್ಲಿ ಕೂತೆ. ಮೊದಲ ಕಂತು ಮುಗಿಯುವ ಹೊತ್ತಿಗೆ ಕಾಯಿ ಮೊರದಲ್ಲೇ ಉಳಿದಿತ್ತು.

ಚಿತ್ರ ಇರುವುದು 'ದ ಬಿಗ್ಗೆಸ್ಟ್ ಲೂಸರ್' ಎಂಬ ಅಮೆರಿಕದ ಸ್ಪರ್ಧೆಯ ಬಗ್ಗೆ. ಎನ್‌ಬಿಸಿ ವಾಹಿನಿ 2004ರಲ್ಲಿ ಅದನ್ನು ಶುರುಮಾಡಿತು. 2007ರಲ್ಲಿ ಹಿಂದಿಯಲ್ಲೂ ಅದರ ತದ್ರೂಪು ಬಂತು. ಬಹಳ ದಪ್ಪಗಿದ್ದವರನ್ನು ಮನೆಮಠದಿಂದ ದೂರ ಒಂದೆಡೆ ಇರಿಸಿ, ಕಡಿಮೆ ಉಣ್ಣಿಸಿ, ದಿನಕ್ಕೆ ಗಂಟೆಗಟ್ಟಲೆ ಬೆವರಿಳಿಸಿ, ವಾರಕ್ಕೊಮ್ಮೆ ಎಲ್ಲರ ಮುಂದೆ ತಕ್ಕಡಿ ಹತ್ತಿಸುವುದು. ಹೆಚ್ಚು ತೂಕ ಕಳೆದುಕೊಂಡವರಿಗೆ 2,50,000 ಡಾಲರ್. ನಡುನಡುವೆ ಆಸೆ ಹುಟ್ಟಿಸಲು ಮೇಜಿನ ತುಂಬ ತಿಂಡಿ ಬೇರೆ! 2009ರ ಸರಣಿಯ ಮೊದಲ ಸವಾಲಿನಲ್ಲೇ, ಕಡಲ ದಂಡೆಯಲ್ಲಿ ಒಂದು ಮೈಲಿ ಓಡಲು ಹೋದ ಹೆಣ್ಣುಮಗಳೊಬ್ಬಳು ಕುಸಿದುಬಿದ್ದು ಆಸ್ಪತ್ರೆ ಸೇರಿದಳು. ಸ್ನಾಯುಗಳೇ ಒಡೆದು ರಕ್ತಕ್ಕೆ ಸೇರುವ ಅಪಾಯದ ಸ್ಥಿತಿ ಅದು.

ಚಿತ್ರದ ದೊಡ್ಡ ಗುಣವೆಂದರೆ ಸ್ಪರ್ಧಿಗಳ ಬಾಯಿಂದಲೇ ಕಥೆ ಕೇಳಿಸಿರುವುದು. ಆದರೆ ನನ್ನ ತಕರಾರುಗಳೂ ಇವೆ. ಮುಖ್ಯ ತರಬೇತುದಾರರಲ್ಲೊಬ್ಬರಾದ ಜಿಲಿಯನ್ ಮೈಕಲ್ಸ್ ಇದರಲ್ಲಿ ಮಾತನಾಡಿಲ್ಲ. ಎರಡೂ ಕಡೆಯವರನ್ನು ಕೇಳದೆ ಪಂಚಾಯಿತಿ ಪೂರ್ತಿಯಾಗುವುದು ಹೇಗೆ? ಇನ್ನೊಂದು, ಹಳೆಯ ಕಾರ್ಯಕ್ರಮ ಜನರನ್ನು ನಗೆಪಾಟಲು ಮಾಡಿತೆಂದು ಬೈಯುತ್ತಲೇ, ಅದೇ ಅತ್ತ ಮುಖಗಳನ್ನು, ಅದೇ ತಕ್ಕಡಿಯನ್ನು ನಮಗೆ ಮತ್ತೆ ಮತ್ತೆ ತೋರಿಸುತ್ತದೆ.

ವಿಜ್ಞಾನದ ಮಾತಿಗೆ ಇನ್ನಷ್ಟು ಸಮಯ ಕೊಡಬೇಕಿತ್ತು. 2009ರಲ್ಲಿ ಗೆದ್ದ ಡ್ಯಾನಿ ಕಾಹಿಲ್ ಸುಮಾರು ಏಳು ತಿಂಗಳಲ್ಲಿ 195 ಕೆ.ಜಿ.ಯಿಂದ 87ಕ್ಕೆ ಇಳಿದಿದ್ದರು. ಆ ವರ್ಷದ 14 ಸ್ಪರ್ಧಿಗಳನ್ನು ಆರು ವರ್ಷಗಳ ನಂತರ ಕೆವಿನ್ ಹಾಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಪರೀಕ್ಷಿಸಿ, 2016ರಲ್ಲಿ ವರದಿ ಪ್ರಕಟಿಸಿದರು. 30 ವಾರಗಳಲ್ಲಿ ಅವರೆಲ್ಲ ಸರಾಸರಿ 58 ಕೆ.ಜಿ. ಇಳಿದಿದ್ದರು, ಅದರಲ್ಲಿ 41 ಕೆ.ಜಿ. ಮರಳಿ ಬಂದಿತ್ತು. ಸುಮ್ಮನೆ ಕುಳಿತಾಗ ಅವರ ದೇಹ ಖರ್ಚು ಮಾಡುವ ಶಕ್ತಿ, ಅಷ್ಟೇ ಗಾತ್ರದವರಲ್ಲಿ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ಹೊತ್ತಿನ ಊಟ. "ಸಾಕು" ಎಂದು ಮೆದುಳಿಗೆ ಹೇಳುವ ಲೆಪ್ಟಿನ್ ಎಂಬ ಹಾರ್ಮೋನೂ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ.

ಇದು ನಮಗೆ ಅರ್ಥವಾಗದ ಸಂಗತಿಯೇನಲ್ಲ. ಬರಗಾಲ ಕಂಡ ನನ್ನ ಅಜ್ಜಿ, ಮಳೆಬೆಳೆ ಚೆನ್ನಾದ ಮೇಲೂ ರಾಗಿ ಅಳೆಯುವಾಗ ಸೇರಿನ ಮೇಲಿನ ಕಾಳನ್ನು ಕೈಯಿಂದ ಸವರಿ ಮತ್ತೆ ವಾಡೆಗೇ ಹಾಕುತ್ತಿದ್ದಳು. ದೇಹವೂ ಹಾಗೆಯೇ. ನಾವು ಬೇಕೆಂದು ತಂದುಕೊಂಡ ಬರ ಯಾವುದು, ನಿಜವಾದ ಬರ ಯಾವುದು ಎಂಬುದು ಅದಕ್ಕೆ ತಿಳಿಯದು. ಹಾಗಿರುವಾಗ, ಇಳಿದ ತೂಕ ಏರಿತೆಂದು ಆ ಜನರಿಗೆ ಮನಸ್ಸು ಗಟ್ಟಿಯಿಲ್ಲ ಎಂದು ಹೇಳುವುದು ಎಷ್ಟು ಅನ್ಯಾಯ!

ಇಷ್ಟು ಬರೆದು ನಾನು ಒಳ್ಳೆಯವಳಾಗಿಬಿಡಬಹುದಿತ್ತು. ಆದರೆ ಆ ತಕ್ಕಡಿಯ ದೃಶ್ಯ ನೋಡುವಾಗ ನನಗೆ ನೆನಪಾದದ್ದು ನನ್ನದೇ ತರಗತಿ. ಕೆಲವು ವರ್ಷಗಳ ಹಿಂದೆ ಆರೋಗ್ಯ ತಪಾಸಣೆಯ ದಿನ, ಒಂಬತ್ತನೇ ತರಗತಿಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ತೂಕ ನೋಡುತ್ತಿದ್ದೆ. ಇನ್ನೊಬ್ಬ ಟೀಚರು ಬರೆದುಕೊಳ್ಳಲೆಂದು ಗಟ್ಟಿಯಾಗಿ ಕೂಗುತ್ತಿದ್ದೆ. "ಅರವತ್ತೆಂಟು" ಎಂದಾಗ ಇಡೀ ಸಾಲು ನಕ್ಕಿತು. ನಾನೂ ಮುಗುಳ್ನಕ್ಕೆನೇನೋ. ಮಾರನೆಯ ದಿನದಿಂದ ಆ ಹುಡುಗಿ ಬಿಸಿಯೂಟಕ್ಕೆ ತಟ್ಟೆ ಹಿಡಿಯಲಿಲ್ಲ. "ಹೊಟ್ಟೆನೋವೇನೇ?" ಎಂದರೆ, "ಇಲ್ಲ ಮಿಸ್" ಎಂದು ತಲೆ ತಗ್ಗಿಸುತ್ತಿದ್ದಳು. ಕಾರಣ ಗೊತ್ತಿದ್ದೂ ಕೇಳಿದೆ ನಾನು. ಅವರದು ದೀಪ, ವಾದ್ಯಗಳ ತಕ್ಕಡಿ. ನನ್ನದು ತುಕ್ಕು ಹಿಡಿದ ತಕ್ಕಡಿ. ವ್ಯತ್ಯಾಸ ಅಷ್ಟೇ. ಈಗ ಒಬ್ಬೊಬ್ಬರನ್ನೇ ಒಳಗೆ ಕರೆದು, ನಾನೇ ನೋಡಿ, ನಾನೇ ಬರೆಯುತ್ತೇನೆ.

ಚಿತ್ರ ಮುಗಿದ ಮೇಲೆ ಅಕ್ಕನ ಮಗಳು ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದಳು: "ಚಿಕ್ಕಮ್ಮ, ಎರಡು ತಿಂಗಳಿಂದ ಮುಟ್ಟಾಗಿಲ್ಲ. ಕೂದಲೂ ಕೈಗೇ ಬರ್ತಿದೆ. ಅಮ್ಮಂಗೆ ಹೇಳ್ಬೇಡಿ." ಮಾರನೆಯ ದಿನವೇ ಲೇಡಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಬೈಯಲಿಲ್ಲ. ತೂಕ ಇಳಿಸಲೇಬೇಕಿದ್ದರೆ ವಾರಕ್ಕೆ ಅರ್ಧ ಕೆ.ಜಿ. ಸಾಕು, ಮೂರು ಹೊತ್ತೂ ಉಣ್ಣು, ಬೇಳೆಕಾಳು ಬಿಡಬೇಡ, ದಿನಾ ನಡೆ ಎಂದರು. ನಮ್ಮ ಹಿರಿಯರು ಊಟ ಬಲ್ಲವನಿಗೆ ರೋಗವಿಲ್ಲ ಎಂದಿದ್ದಾರೆಯೇ ಹೊರತು ಊಟ ಬಿಟ್ಟವನಿಗೆ ರೋಗವಿಲ್ಲ ಎಂದಿಲ್ಲ.

ಹಿಂತಿರುಗುವಾಗ ಮದುವೆಯ ರವಿಕೆ ಅಳತೆ ಕೊಡಲು ದರ್ಜಿಯ ಅಂಗಡಿಗೆ ಹೋದೆವು. "ಒಳಗೆ ಸ್ವಲ್ಪ ಬಟ್ಟೆ ಬಿಡಪ್ಪ" ಎಂದೆ. ಅವನು ಟೇಪು ಸುತ್ತುತ್ತಾ, "ಬಿಟ್ಟೇ ಹೊಲಿಯೋದು ಟೀಚರೇ. ಮೈ ಇವತ್ತಿದ್ದ ಹಾಗೆ ನಾಳೆ ಇರುತ್ತಾ?" ಎಂದ. ಹುಡುಗಿ ಬಹಳ ದಿನಗಳ ಮೇಲೆ ನಕ್ಕಳು.