ನಿದ್ದೆಯ ಸಾಕ್ಷ್ಯ

ಪಶ್ಚಿಮದ ತತ್ತ್ವಜ್ಞರು ಎಚ್ಚರವೊಂದನ್ನೇ ನೆಚ್ಚಿಕೊಂಡು ‘ನಾನು’ ಯಾರೆಂದು ತೀರ್ಮಾನಿಸಿಬಿಟ್ಟರು. ಕನಸು, ನಿದ್ದೆಗಳನ್ನು ಕೇಳಲೇ ಇಲ್ಲ. ಈ ಆಕ್ಷೇಪವನ್ನು ಗಟ್ಟಿ ವಾದವಾಗಿ ಬೆಳೆಸಿದವರು ನಮ್ಮ ಬೆಂಗಳೂರು–ಮೈಸೂರು ಸೀಮೆಯ ವೇದಾಂತಿಗಳು. ಕೆ.ಎ. ಕೃಷ್ಣಸ್ವಾಮಿ ಅಯ್ಯರ್ 1930ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಎಚ್ಚರ, ಕನಸು, ನಿದ್ದೆಗಳೆಂಬ ಅವಸ್ಥಾತ್ರಯದ ವಿಚಾರವನ್ನೇ ವೇದಾಂತದ ವಿಧಾನವೆಂದು ಮಂಡಿಸಿದರು. ಅವರಿಂದ ಕಲಿತ ವೈ. ಸುಬ್ಬರಾಯರು 1920ರಲ್ಲಿ ಬೆಂಗಳೂರಿನಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಕಟ್ಟಿದರು, 1937ರಲ್ಲಿ ಅದನ್ನು ಹೊಳೆನರಸೀಪುರಕ್ಕೆ ಒಯ್ದರು, 1948ರಲ್ಲಿ ಸಚ್ಚಿದಾನಂದೇಂದ್ರ ಸರಸ್ವತಿಗಳಾದರು.

ಸುಬ್ಬರಾಯರ ದೊಡ್ಡ ಧೈರ್ಯ 1929ರ ‘ಮೂಲಾವಿದ್ಯಾನಿರಾಸ’. ಜಗತ್ತಿಗೆ ಬೀಜವಾದ ಒಂದು ಮೂಲಾವಿದ್ಯೆ ನಿದ್ದೆಯಲ್ಲೂ ಉಳಿದಿರುತ್ತದೆ ಎಂದು ಶಂಕರರ ನಂತರದ ವ್ಯಾಖ್ಯಾನಕಾರರು ಹೇಳುತ್ತ ಬಂದಿದ್ದರು. ಅದು ಶಂಕರರ ಮತವೇ ಅಲ್ಲ, ಅವಿದ್ಯೆ ಎಂದರೆ ಆತ್ಮ–ಅನಾತ್ಮಗಳನ್ನು ಒಂದರ ಮೇಲೊಂದು ಹೇರಿಕೊಳ್ಳುವ ಅಧ್ಯಾಸ ಮಾತ್ರ ಎಂದರು ಸುಬ್ಬರಾಯರು. ಸಾಂಪ್ರದಾಯಿಕ ಪಂಡಿತರು ತಿರುಗಿಬಿದ್ದದ್ದು ಸಹಜ. ನನಗೆ ಮೆಚ್ಚುಗೆಯಾಗುವುದು ಇದೇ: ಅವಿದ್ಯೆ ಜಗತ್ತಿನ ಮೂಲದ್ರವ್ಯವಾಗುವುದು ತಪ್ಪಿ, ಅರಿಯುವವನ ತಪ್ಪಾಯಿತು. ಸೃಷ್ಟಿಯ ಪ್ರಶ್ನೆ ಜ್ಞಾನದ ಪ್ರಶ್ನೆಯಾಯಿತು.

ಆದರೆ ಪಶ್ಚಿಮದ ಮೇಲಿನ ಆರೋಪ ಅರ್ಧ ಮಾತ್ರ ನಿಜ. ಆತ್ಮ ಸದಾ ಚಿಂತಿಸುತ್ತಲೇ ಇರುತ್ತದೆ ಎಂಬ ಡೆಕಾರ್ಟನ ನಿಲುವಿಗೆ ಲಾಕ್ 1690ರಲ್ಲಿ ಎದುರು ಹಿಡಿದದ್ದು ಗಾಢನಿದ್ದೆಯನ್ನೇ. 1739ರಲ್ಲಿ ಹ್ಯೂಮ್ ಇನ್ನೂ ಮುಂದೆ ಹೋದ: ಒಳಗೆ ಹುಡುಕಿದರೆ ಸಿಗುವುದು ಬಿಡಿಬಿಡಿ ಅನುಭವಗಳು, ಅವೂ ಇಲ್ಲದ ಗಾಢನಿದ್ದೆಯಲ್ಲಿ ತಾನು ಇಲ್ಲವೆಂದೇ ಹೇಳಬಹುದು. ಅದೇ ನಿದ್ದೆಯಿಂದ ಅಯ್ಯರ್ ತೆಗೆದದ್ದು ನೇರ ವಿರುದ್ಧ ತೀರ್ಪು: ಎಲ್ಲ ಕಳಚಿದರೂ ಉಳಿಯುವವನೇ ನಾನು.

ಇಬ್ಬರಲ್ಲಿ ಯಾರು ಸರಿ? ‘ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ’ ಎಂಬ ಎದ್ದವನ ಮಾತನ್ನು ಅದ್ವೈತಿಗಳು ನೆನಪು ಎನ್ನುತ್ತಾರೆ, ಅನುಭವಿಸಿದವನಿಲ್ಲದೆ ನೆನಪಿಲ್ಲ. ನೈಯಾಯಿಕರು ಇದನ್ನು ಒಪ್ಪಲಿಲ್ಲ: ಅದು ಎಚ್ಚರವಾದ ಮೇಲೆ ಮಾಡಿಕೊಂಡ ಅನುಮಾನ. ಸಚ್ಚಿದಾನಂದೇಂದ್ರರು ಈ ತೊಡಕನ್ನು ಬಲ್ಲವರು. ನಿದ್ದೆಯನ್ನು ನಿದ್ದೆಯ ನಿಲುವಿನಿಂದಲೇ ನೋಡಬೇಕು, ಎಚ್ಚರದ ಕಾಲಗಣನೆ ಅಲ್ಲಿಗೆ ಸಲ್ಲದು ಎಂಬುದು ಅವರ ಉತ್ತರ. ಸೊಗಸಾದ ಉತ್ತರವೇ. ಆದರೆ ಆ ನಿಲುವಿನ ಪರವಾಗಿ ವಕಾಲತ್ತು ವಹಿಸುವವನು ಎಚ್ಚರದಲ್ಲಿದ್ದಾನಲ್ಲ!

ಇನ್ನೊಂದು ಕೊರತೆ ಇದಕ್ಕಿಂತ ಮುಖ್ಯ. ಶ್ರೀರಾಂಪುರದ ಒಂದು ಕೋಣೆಯ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವನನ್ನು ಯೋಚಿಸಿ. ಅವನು ಗೊರಕೆ ಹೊಡೆದದ್ದು, ನಿದ್ದೆಗಣ್ಣಲ್ಲಿ ಮೇಸ್ತ್ರಿಯನ್ನು ಬೈದದ್ದು ಹೆಂಡತಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನ ಬಗ್ಗೆ ಅವನಿಗಿರುವ ತಿಳಿವಳಿಕೆಯ ಒಂದು ಪಾಲು ಅವಳ ಬಾಯಿಂದ ಬಂದದ್ದು. ಇದೆಲ್ಲ ದೇಹ–ಮನಸ್ಸುಗಳಿಗೆ ಅಂಟಿಕೊಂಡ ಜೀವನ ಮಾತು, ಅವನ್ನು ಬರಿದೇ ನೋಡುವ ಸಾಕ್ಷಿಯದಲ್ಲ ಎಂದು ವೇದಾಂತಿ ತಳ್ಳಿಹಾಕಬಹುದು. ಹಾಗೆ ತಳ್ಳಿದರೆ ಜ್ಞಾನಮೀಮಾಂಸೆಗೆ ಉಳಿಯುವುದೇನು? ತಪ್ಪುವುದು, ತಿದ್ದಿಕೊಳ್ಳುವುದು, ಇನ್ನೊಬ್ಬರನ್ನು ನಂಬುವುದು, ಎಲ್ಲ ನಡೆಯುವುದು ಜೀವನಲ್ಲೇ. ತನ್ನ ಅರಿವೊಂದನ್ನೇ ನೆಚ್ಚಿದ ಡೆಕಾರ್ಟನ ಒಂಟಿತನವನ್ನು ಮೀರಿದೆವೆಂದುಕೊಂಡ ಈ ವೇದಾಂತಿಗಳೂ ಅವನ ಒಂಟಿ ಕೋಣೆಯಲ್ಲೇ ಕುಳಿತಿದ್ದರು.

ಎಚ್ಚರದ ಏಕಸ್ವಾಮ್ಯವನ್ನು ಪ್ರಶ್ನಿಸುವುದರಲ್ಲಿ ಈ ಪರಂಪರೆ ಗೆದ್ದಿತು, ನಿದ್ದೆಯಿಂದ ಆತ್ಮವನ್ನು ರುಜುವಾತುಪಡಿಸುವುದರಲ್ಲಿ ಗೆಲ್ಲಲಿಲ್ಲ. ಆದರೂ ಇವರನ್ನು ಮಠದ ಕಪಾಟಿಗೆ ಬಿಟ್ಟು, ತತ್ತ್ವಶಾಸ್ತ್ರದ ತರಗತಿಯಲ್ಲಿ ಹ್ಯೂಮ್‌ನನ್ನು ಮಾತ್ರ ಓದಿಸುವುದು ಸರಿಯಲ್ಲ. ಇಬ್ಬರನ್ನೂ ಒಂದೇ ಪಾಠದಲ್ಲಿ, ಎದುರುಬದುರು ಇಟ್ಟು ಓದಿಸಿ.