ದಿನಾ ಪರೀಕ್ಷೆ, ತಾಲೀಮು ಯಾವಾಗ?

ಬೆಳಗಾವಿಯ ವ್ಯಾಕ್ಸಿನ್ ಡಿಪೊ ಮೈದಾನದಲ್ಲಾಗಲಿ, ಖಾನಾಪುರ ರಸ್ತೆಯ ಅಂಚಿನಲ್ಲಾಗಲಿ, ಬೆಳಕು ಹರಿಯುವ ಮುಂಚೆ ಓಡುವ ಹುಡುಗರಲ್ಲಿ ಬಹಳಷ್ಟು ಮಂದಿಗೆ ಗೊತ್ತಿರುವುದು ಒಂದೇ ದೂರ: 1600 ಮೀಟರ್. ಸೇನಾ ಭರ್ತಿಯಲ್ಲಿ ಅದನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ. ಒಂದೇ ಸೆಕೆಂಡು ತಡವಾದರೆ 48. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಊರಲ್ಲಿ ಆ ಹನ್ನೆರಡು ಅಂಕಕ್ಕೆ ಇಡೀ ಮನೆಯ ಲೆಕ್ಕಾಚಾರವೇ ನೇತುಬಿದ್ದಿರುತ್ತದೆ. ಹಾಗಾಗಿ ಹುಡುಗರು ಗಡಿಯಾರಕ್ಕೆ ಗಂಟುಬಿದ್ದಿದ್ದಾರೆಂದು ನಾನು ದೂರುವುದಿಲ್ಲ. ನನ್ನ ತಕರಾರು ತಯಾರಿಯ ರೀತಿಯ ಬಗ್ಗೆ.

ಎರಡು ನಿಮಿಷ ಮೈ ಸಡಿಲಿಸಿದ ಶಾಸ್ತ್ರ, ಮೊಬೈಲಿನ ಸ್ಟಾಪ್‌ವಾಚ್ ಒತ್ತಿದ ಕೂಡಲೇ ದೌಡು. ಮೊದಲ 400 ಮೀಟರನ್ನು 70 ಸೆಕೆಂಡಿನಲ್ಲಿ ಮುಗಿಸಿದವನು ಮೂರನೆಯ ಸುತ್ತಿಗೆ ಹೆಗಲು ಕಿವಿಯತ್ತ ಏರಿಸಿ, ಮುಷ್ಟಿ ಬಿಗಿದು, ಹಿಮ್ಮಡಿ ಎಳೆಯುತ್ತ ಬರುತ್ತಾನೆ. ಅವನಿಗೆ ಬೇಕಿದ್ದುದು ಸುತ್ತಿಗೆ 82 ಸೆಕೆಂಡು ಮಾತ್ರ! ಮುಗಿಸಿ ಮೊಣಕಾಲಿಗೆ ಕೈಯೂರಿ ಬಗ್ಗಿದವನಿಗೆ ಉಸಿರು ತಿರುಗುವ ಮೊದಲೇ ಪಕ್ಕದಿಂದ ಪ್ರಶ್ನೆ, ‘ಎಷ್ಟಾತಲೇ ಟೈಮಿಂಗ್?’ ಮರುದಿನವೂ ಅದೇ ದೂರ, ಅದೇ ದೌಡು, ಅದೇ ಪ್ರಶ್ನೆ. ದಿನಾ ಪರೀಕ್ಷೆ ಬರೆಯುವವನು ಓದುವುದು ಯಾವಾಗ?

ಐದೂವರೆ ನಿಮಿಷದ ಓಟ ನೋಡುವವರಿಗೆ ಬಿರುಸಿನದು. ಆದರೆ ಅದಕ್ಕೆ ಬೇಕಾದ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಬರುವುದು ಆಮ್ಲಜನಕದ ದಾರಿಯಿಂದ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುವುದು, ಸ್ನಾಯುವಿನಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದು, ಇವೆಲ್ಲ ತಿಂಗಳುಗಟ್ಟಲೆ ದೂರ ದೂರ ಓಡಿದ್ದರ ಫಲ. ಅದರ ಬಹುಪಾಲು, ಜೊತೆಗಾರನ ಸಂಗಡ ಹರಟುತ್ತ ಓಡುವಷ್ಟು ನಿಧಾನವಾಗಿದ್ದರೇ ಒಳ್ಳೆಯದು. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಚಿನ್ನ ಗೆದ್ದ ಪೀಟರ್ ಸ್ನೆಲ್‌ನಂಥವರಿಂದಲೂ ಅಡಿಪಾಯದ ಹಂತದಲ್ಲಿ ವಾರಕ್ಕೆ 160 ಕಿ.ಮೀ. ಓಡಿಸುತ್ತಿದ್ದರು. ಖಾನಾಪುರದ ಹುಡುಗನಿಗೆ ಅಷ್ಟು ಬೇಡ. ವಾರಕ್ಕೆ ಮೂವತ್ತು ನಲವತ್ತು ಕಿ.ಮೀ. ಸಮಾಧಾನದ ಓಟ, ಒಂದೆರಡು ದಿನ ಮಾತ್ರ 400 ಮೀಟರಿನ ಬಿರುಸಿನ ತುಣುಕುಗಳು, ನಡುನಡುವೆ ವಿಶ್ರಾಂತಿ. ಇಷ್ಟು ಹೇಳಿದರೆ ‘ನಿಧಾನ ಓಡಿದರ ಫಾಸ್ಟ್ ಹೆಂಗ ಆಗತೇವ್ರೀ’ ಎಂದು ನಗುತ್ತಾರೆ.

ನಗು ನಿಲ್ಲುವುದು ಕಣಕಾಲು ಹಿಡಿದಾಗ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಎಲುಬು ಅಷ್ಟು ಬೇಗ ಪಳಗುವುದಿಲ್ಲ. ಭರ್ತಿಯ ದಿನಾಂಕ ಬಂದ ಮೇಲೆ ಡಾಂಬರಿನ ಮೇಲೆ ದಿನಾ ದೌಡಾಯಿಸಿದರೆ ಪೆಟ್ಟು ತಿನ್ನುವುದು ಎಲುಬೇ. ಖಾನಾಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಮೈದಾನ ಕೆಸರಾಗುತ್ತದೆ. ಹುಡುಗರು ಅದನ್ನು ರಜೆಯೆಂದು ತಿಳಿಯುತ್ತಾರೆ. ತಂಪು ಹವೆಯ ಆ ನಾಲ್ಕು ತಿಂಗಳೇ ನಿಧಾನದ ಓಟಕ್ಕೆ ಹೇಳಿ ಮಾಡಿಸಿದ ಕಾಲ.

ಹುಡುಗರ ಈ ಬೆಳಗಿನ ಓಟದಲ್ಲಿ ಮೆಚ್ಚುವಂಥದ್ದೂ ಇದೆ. ಶುಲ್ಕವಿಲ್ಲ, ಸದಸ್ಯತ್ವವಿಲ್ಲ, ಹಿಂದೆ ಬಿದ್ದವನನ್ನು ಕೂಗಿ ಎಳೆದುಕೊಳ್ಳುವ ಗುಂಪಿದೆ. ದುಡ್ಡು ಕೊಟ್ಟು ಓಡುವ ನಗರದ ಮ್ಯಾರಥಾನ್ ಮಂದಿಗೆ ಈ ಸಲಿಗೆ ಸಿಗುವುದು ಕಷ್ಟ.

ಓಟಗಾರರನ್ನು ಆರಿಸುವ ಉತ್ಸಾಹ ನಮ್ಮಲ್ಲಿ ಹಳೆಯದು, ಬೆಳೆಸುವ ತಾಳ್ಮೆ ಮಾತ್ರ ಕಡಿಮೆ. ಬೆಳಗಾವಿಯ ಫಡೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 2 ಗಂಟೆ 50 ನಿಮಿಷಕ್ಕೆ ಗುರಿ ಮುಟ್ಟಿ 19ನೆಯವರಾದರು. ಅವರ ಹಿಂದೆ ಊರು ಒಂದು ಓಟದ ಪರಂಪರೆ ಕಟ್ಟಿಕೊಳ್ಳಲಿಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಗೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ರಕ್ತದಲ್ಲೇ ಓಟವಿದೆ ಎಂಬ ನಂಬಿಕೆಯ ಮೇಲೆ ನಿಂತ ಆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತಿತು. ಭರ್ತಿಯ ಓಟವೂ ಆರಿಸುವ ಜರಡಿಯೇ. ಅದರ ಬಾಗಿಲು ಇಪ್ಪತ್ತೊಂದು ಇಪ್ಪತ್ತೆರಡನೆಯ ವಯಸ್ಸಿಗೆ ಮುಚ್ಚುತ್ತದೆ, ಆಯ್ಕೆಯಾಗದವನು ಅಂದೇ ಶೂ ಕಳಚುತ್ತಾನೆ. ದೂರದ ಓಟಗಾರನ ಕಾಲು ನಿಜವಾಗಿ ಮಾಗುವುದು ಆಮೇಲೆ, ಇಪ್ಪತ್ತೈದು ದಾಟಿದ ಮೇಲೆ.