ಶರಾವತಿ ಕಣಿವೆಯೂ ಶುದ್ಧ ವಿದ್ಯುತ್ತಿನ ಲೆಕ್ಕವೂ : ಒಂದು ವಿಮರ್ಶೆ

ಗೇರುಸೊಪ್ಪೆಯ ನಗರಬಸ್ತಿಕೇರಿಗೆ ಹೋಗಿಬಂದ ಯಾತ್ರಿಕರಿಗೆ ಚತುರ್ಮುಖ ಬಸದಿಯ ಶಿಲಾಭಿತ್ತಿಗಳಷ್ಟೇ ಅದನ್ನು ಸುತ್ತುವರಿದ ಕಾಡಿನ ತಂಪೂ ನೆನಪಿನಲ್ಲಿ ಉಳಿದಿರುತ್ತದೆ. ಹದಿನಾರನೆಯ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿಯ ಹೆಸರನ್ನು ಕಡಲಾಚೆಗೆ ಮುಟ್ಟಿಸಿದ ಕಾಳುಮೆಣಸು ಈ ಸೀಮೆಯ ಮರಗಳನ್ನು ಆಶ್ರಯಿಸಿಯೇ ಹಬ್ಬಿದುದು. ಆ ಕಣಿವೆಯೇ ಇಂದು ಒಂದು ದೊಡ್ಡ ವಾದವಿವಾದಕ್ಕೆ ವಿಷಯವಾಗಿದೆ. ವಿದ್ಯುತ್ ಉತ್ಪಾದನೆಯಿಂದ ಏಳುವ ಇಂಗಾಲದ ಹೊಗೆ ತಗ್ಗಬೇಕು. ಬದಲಾಗುತ್ತಿರುವ ಹವಾಮಾನದ ಹೊಡೆತವನ್ನೂ ಆ ವ್ಯವಸ್ಥೆ ತಾಳಿಕೊಳ್ಳಬೇಕು. ಈ ಎರಡು ಉದ್ದೇಶಗಳೂ ಶರಾವತಿಯ ಭೂಗತ ಜಲವಿದ್ಯುತ್ ಯೋಜನೆಯಿಂದ ಒಟ್ಟಿಗೆ ಈಡೇರುವುವೆಂಬುದು ಅದರ ಸಮರ್ಥಕರ ಪ್ರತಿಪಾದನೆ. ಈ ಪ್ರತಿಪಾದನೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸುವುದು ಅವಶ್ಯ.

ನಾಡಿನ ಬೆಳಕಿಗಾಗಿ ಶರಾವತಿ ತೆತ್ತ ಬೆಲೆ ಸಣ್ಣದಲ್ಲ. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅದನ್ನು ಅವಲಂಬಿಸಿದ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಅದರ ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೆ 240 ಮೆಗಾವ್ಯಾಟ್. ಅಂದು ಮನೆಮಠ ಕಳೆದುಕೊಂಡ ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಅರ್ಧ ಶತಮಾನ ಕಳೆದರೂ ಇತ್ಯರ್ಥವಾಗಲಿಲ್ಲವೆಂಬುದನ್ನು ಬಲ್ಲವರು ಬಲ್ಲರು.

ಹೊಸ ಯೋಜನೆಯ ಸ್ವರೂಪ ಹೀಗಿದೆ. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪೆ ಜಲಾಶಯ. ಎರಡರ ನಡುವೆ ಸುರಂಗಗಳು, ನೆಲದೊಳಗೆ 2,000 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರ. ಸೌರವಿದ್ಯುತ್ತು ಹೇರಳವಾಗಿರುವ ಹಗಲಿನಲ್ಲಿ ನೀರನ್ನು ಮೇಲಕ್ಕೆತ್ತುವುದು, ಬೇಡಿಕೆ ಏರುವ ಸಂಜೆಯಲ್ಲಿ ಕೆಳಕ್ಕೆ ಹರಿಸಿ ವಿದ್ಯುತ್ತನ್ನು ಪಡೆಯುವುದು. ಸಮರ್ಥಕರ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಸೂರ್ಯ ಮುಳುಗಿದ ಮೇಲೂ ದೀಪ ಉರಿಯಬೇಕಾದರೆ ವಿದ್ಯುತ್ತನ್ನು ಯಾವುದಾದರೊಂದು ರೂಪದಲ್ಲಿ ಕೂಡಿಡಲೇಬೇಕು. ಇಲ್ಲಿ ಹೊಸ ಅಣೆಕಟ್ಟಿನ ಅಗತ್ಯವಿಲ್ಲ. ಅದೇ ನೀರು ಮತ್ತೆ ಮತ್ತೆ ಬಳಕೆಯಾಗುವುದರಿಂದ ಬೇಕಾಗುವ ನೀರೂ ಅಲ್ಪ. ಇವನ್ನು ಒಪ್ಪಿಕೊಂಡೇ ಮುಂದಿನ ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯ ಪ್ರಶ್ನೆಯನ್ನು 2023ನೆಯ ವರ್ಷವೇ ನಮ್ಮ ಮುಂದಿಟ್ಟಿತು. ಆ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಜಲಾಶಯಗಳು ತುಂಬದೆ ಜಲವಿದ್ಯುತ್ತು ಕುಗ್ಗಿತು. ಬೆಳೆಯನ್ನು ಉಳಿಸಿಕೊಳ್ಳಲು ರೈತರು ಪಂಪ್‌ಸೆಟ್‌ಗಳನ್ನು ಆಶ್ರಯಿಸಿದುದರಿಂದ ಬೇಡಿಕೆ ಏರಿತು. ಒಂದೇ ಕಾರಣದಿಂದ ಆದಾಯ ಇಳಿದು ಖರ್ಚು ಹೆಚ್ಚಿದ ಸಂಸಾರದಂತಾಯಿತು ನಾಡಿನ ಸ್ಥಿತಿ. ರಾಜ್ಯದೊಳಗಿನ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಸರ್ಕಾರ ಅಕ್ಟೋಬರ್‌ನಲ್ಲಿ ವಿದ್ಯುತ್ ಕಾಯಿದೆಯ 11ನೆಯ ಕಲಮಿನಡಿ ಆಜ್ಞೆ ಹೊರಡಿಸಬೇಕಾಯಿತು. ಯಾವುದರಿಂದ ಬಿಡುಗಡೆ ಹೊಂದಬೇಕೆಂದು ಬಯಸುತ್ತಿದ್ದೇವೆಯೋ ಆ ಕಲ್ಲಿದ್ದಲನ್ನೇ ನೆಮ್ಮಬೇಕಾಗಿ ಬಂದಿತು.

ಅಂತಹ ವರ್ಷದಲ್ಲಿ ಈ ಯೋಜನೆ ಏನು ಮಾಡಬಲ್ಲುದು? ಅದು ವಿದ್ಯುತ್ತನ್ನು ಸೃಷ್ಟಿಸುವುದಿಲ್ಲ. ಹಗಲಿನದನ್ನು ಸಂಜೆಗೆ ಸಾಗಿಸುತ್ತದೆ, ಅಷ್ಟೇ. ನೀರನ್ನು ಮೇಲೇರಿಸಲು 100 ಯೂನಿಟ್ ವ್ಯಯಿಸಿದರೆ ಮರಳಿ ದೊರೆಯುವುದು ಸುಮಾರು 75ರಿಂದ 80 ಯೂನಿಟ್. ದಿನದ ಏರುಪೇರಿಗೆ ಇದು ಮದ್ದಾದೀತು. ಋತುವೇ ಕೈಬಿಟ್ಟಾಗ ಉಂಟಾಗುವ ಕೊರತೆಗೆ ಮದ್ದಲ್ಲ. ಕಣಜಕ್ಕೆ ಬಾಗಿಲು ಇಟ್ಟ ಮಾತ್ರಕ್ಕೆ ಕಾಳು ಬೆಳೆಯುವುದಿಲ್ಲ. ಹೊಗೆಯನ್ನು ತಗ್ಗಿಸುವ ಸಾಧನವನ್ನು ಬರವನ್ನು ತಾಳುವ ಸಾಧನವೆಂದೂ ಹೇಳುವಲ್ಲಿ ಎರಡು ಬೇರೆ ಕರ್ತವ್ಯಗಳು ಒಂದೇ ಎಂಬಂತೆ ಬೆರೆತುಹೋಗಿವೆ.

ಎರಡನೆಯ ಪ್ರಶ್ನೆ ಸ್ಥಳವನ್ನು ಕುರಿತದ್ದು. ಈಗಾಗಲೇ ಇಷ್ಟು ವಿದ್ಯುದಾಗಾರಗಳನ್ನು ಹೊತ್ತ ಕಣಿವೆಗೆ ಮತ್ತೆ 2,000 ಮೆಗಾವ್ಯಾಟ್‌ಗಳನ್ನು ಸೇರಿಸುವುದೆಂದರೆ ಮನೆಯ ಭಾರವನ್ನೆಲ್ಲ ಒಂದೇ ಕಂಬದ ಮೇಲೆ ಹೇರಿದಂತೆ. 2024ರ ಜುಲೈನಲ್ಲಿ ಇದೇ ಉತ್ತರಕನ್ನಡ ಜಿಲ್ಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಆಹುತಿ ತೆಗೆದುಕೊಂಡುದನ್ನು ನಾವು ಮರೆತಿಲ್ಲ. ಮಳೆಯ ಅಬ್ಬರ ಹೆಚ್ಚುತ್ತಿರುವ ದಿನಗಳಲ್ಲಿ ಘಟ್ಟದ ಇಳಿಜಾರುಗಳನ್ನು ಮುಟ್ಟುವ ಮುನ್ನ ಹತ್ತು ಬಾರಿ ಆಲೋಚಿಸಬೇಕು.

ಯೋಜನೆಯ ಪ್ರದೇಶ ಸಿಂಗಳೀಕಗಳಿಗಾಗಿ 2019ರಲ್ಲಿ ಘೋಷಿಸಲಾದ ಅಭಯಾರಣ್ಯದೊಳಗಿದೆ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ 2025ರಲ್ಲಿ ತಾತ್ವಿಕ ಸಮ್ಮತಿ ನೀಡಿತಾದರೂ ಆಕ್ಷೇಪಗಳು ಅಲ್ಲಿಗೆ ನಿಲ್ಲಲಿಲ್ಲ. 50 ಹೆಕ್ಟೇರಿಗೂ ಹೆಚ್ಚು ಅರಣ್ಯಭೂಮಿ ಬೇಕು; ಸಾವಿರಾರು ಮರಗಳು ಉರುಳಬೇಕು. ಸಿಂಗಳೀಕ ಮರದಿಂದ ಮರಕ್ಕೆ ದಾಟಿ ಬದುಕುವ ಜೀವಿ. ಕೊಂಬೆಗಳ ಸೇತುವೆ ಒಂದೆಡೆ ತುಂಡಾದರೂ ಅದರ ಲೋಕ ಎರಡಾಗುತ್ತದೆ. ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ತೊರೆಗಳಿಗೆ ಬಿಟ್ಟುಕೊಡುವುದೂ ಇದೇ ಕಾಡು. ಹವಾಮಾನದ ಹೊಡೆತವನ್ನು ತಡೆಯುವ ಕೋಟೆಯನ್ನು ಕೆಡವಿ, ಅದರ ಕಲ್ಲಿನಿಂದಲೇ ರಕ್ಷಣೆಯ ಗೋಡೆ ಕಟ್ಟುವುದು ವಿವೇಕವಲ್ಲ.

ಹಾಗಾದರೆ ದಾರಿಯೇನು? ರಾಜ್ಯದ ವಿದ್ಯುತ್ತಿನ ಸುಮಾರು ಮೂರನೆಯ ಒಂದು ಭಾಗ ನೀರಾವರಿ ಪಂಪ್‌ಸೆಟ್‌ಗಳಿಗೆ ಸಲ್ಲುತ್ತದೆ. ಅವುಗಳಿಗೆ ಹಗಲಿನಲ್ಲಿಯೇ ಸೌರವಿದ್ಯುತ್ತನ್ನು ಒದಗಿಸಿದರೆ ನೀರು ಹೊಲದಲ್ಲಿ, ಕೃಷಿಹೊಂಡದಲ್ಲಿ ಸಂಗ್ರಹವಾಗುತ್ತದೆ. ಸಂಜೆಯ ಭಾರ ಇಳಿಯುತ್ತದೆ. ರಾತ್ರಿಯ ಹೊತ್ತು ರೈತ ಹಾವುಹುಪ್ಪಟೆಗಳ ನಡುವೆ ಗದ್ದೆಗೆ ನಡೆಯಬೇಕಾದ ಕಷ್ಟವೂ ತಪ್ಪುತ್ತದೆ. ಉಳಿದ ಸಂಗ್ರಹಕ್ಕೆ ಉಪಕೇಂದ್ರಗಳ ಬಳಿ ಬ್ಯಾಟರಿಗಳನ್ನು ಹಂಚಿ ಸ್ಥಾಪಿಸಬಹುದು. ಒಂದು ಕಡೆ ಕೆಟ್ಟರೆ ಮತ್ತೊಂದು ಕಡೆ ಉಳಿದಿರುತ್ತದೆ. ಇವೂ ನಿರ್ದೋಷವೆಂದಲ್ಲ. ಬ್ಯಾಟರಿಗೂ ಗಣಿಯ ಅದಿರು ಬೇಕು. ಸುಮಾರು 13,000 ಎಕರೆಗಳ, 2,050 ಮೆಗಾವ್ಯಾಟ್‌ನ ಪಾವಗಡ ಸೌರ ಉದ್ಯಾನದಲ್ಲಿ ಭೂಮಿಯನ್ನು ಕೊಳ್ಳದೆ ಗೇಣಿಗೆ ಪಡೆದುದರಿಂದ ಒಡೆಯರಿಗೆ ವರ್ಷವರ್ಷದ ಹಣ ದೊರೆಯಿತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಆ ಹಣದಲ್ಲಿ ಪಾಲಿರಲಿಲ್ಲ. ಹೊಗೆಯ ಲೆಕ್ಕದಲ್ಲಿ ಇಂತಹ ನಷ್ಟಗಳು ಕಾಣಿಸುವುದಿಲ್ಲ.

ಗೃಹಸ್ಥನ ಬದುಕು ಹಿಂಸೆಯಿಂದ ಪೂರ್ಣವಾಗಿ ಮುಕ್ತವಾಗದೆಂದು ನಮ್ಮ ಹಿರಿಯರು ಬಲ್ಲರು. ಆದುದರಿಂದಲೇ ಅಲ್ಪ ಹಿಂಸೆಯ ಮಾರ್ಗ ಇರುವಾಗ ಅಧಿಕ ಹಿಂಸೆಯದನ್ನು ಆಯಬಾರದೆಂದು ಅವರು ವಿಧಿಸಿದರು. ಆ ಮಾರ್ಗಗಳನ್ನೆಲ್ಲ ಪ್ರಾಮಾಣಿಕವಾಗಿ ಸವೆಸಿದ ಬಳಿಕವೇ ಕಣಿವೆಗೆ ಕೈಹಾಕುವ ಮಾತು ಬರಬೇಕು.

ಆದರೆ ಯೋಜನೆಯನ್ನು ವಿರೋಧಿಸುವ ನಾಲಗೆಗೂ ಒಂದು ಹೊಣೆಯುಂಟು. ಸಂಜೆಯ ಬೇಡಿಕೆಯಲ್ಲಿ ನಮ್ಮ ಕಲ್ಯಾಣಮಂಟಪಗಳ ಝಗಝಗಿಸುವ ದೀಪಗಳೂ ಸೇರಿವೆ. ಬಸದಿಯ ಆಡಳಿತ ಮಂಡಳಿಗಳು ತಮ್ಮ ಛತ್ರಗಳ ಮಾಡಿನ ಮೇಲೆ ಸೌರ ಫಲಕಗಳನ್ನು ಹೊದಿಸಲಿ, ಉತ್ಸವದ ಅಲಂಕಾರ ದೀಪಗಳಿಗೆ ಮಿತಿ ಹಾಕಿಕೊಳ್ಳಲಿ, ವರ್ಷದ ವಿದ್ಯುತ್ ವೆಚ್ಚವನ್ನು ಲೆಕ್ಕಪತ್ರದೊಡನೆ ಸಭೆಯ ಮುಂದಿಡಲಿ. ಹಾಗೆ ಮಾಡಿದ ಸಮಾಜಕ್ಕೆ, ಗೇರುಸೊಪ್ಪೆಯ ಕಾಡು ಉಳಿಯಲಿ ಎಂದು ಹೇಳುವ ಅಧಿಕಾರ ತಾನಾಗಿಯೇ ಬರುತ್ತದೆ.